ಹಿಮಕ್ಕೆ ಹಳೆಯ ಫೋರ್‌ವೀಲ್ ಗಾಡಿ: ಮೊದಲು ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು. ಮಿಶಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ಹತ್ತಿರಕ್ಕೆ ಬಂದು ಒಂದೂವರೆ ವರ್ಷ ಆಯಿತು. ನಾನು ನರ್ಸ್. ಬೆಳಿಗ್ಗೆ ಏಳರ ಶಿಫ್ಟಿಗೆ ಹಿಮ ಬಿದ್ದ ದಿನ ಐದೂವರೆಗೇ ಮನೆ ಬಿಡಬೇಕು, 22 ಮೈಲಿ ದೂರ. ಮನೆ ಊರಾಚೆ ಇದೆ, ಜಲ್ಲಿ ರಸ್ತೆ, ಹಿಮ ತೆಗೆಯುವ ಗಾಡಿ ನಮ್ಮ ಕಡೆ ಬರುವಾಗ ಎಂಟು ಗಂಟೆ ದಾಟಿರುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮ ಸಣ್ಣ ಕಾರು ಎರಡು ಸಲ ಚರಂಡಿಗೆ ಇಳಿಯಿತು. ಕೈಯಲ್ಲಿ 9,000 ಡಾಲರ್ ಇದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ದೊಡ್ಡ ಫೋರ್‌ವೀಲ್ ಗಾಡಿ, 2006ರ ಲೆಕ್ಸಸ್ ಜಿಎಕ್ಸ್ 470, ಒಂದು 8,500ಕ್ಕೆ ಸಿಗುತ್ತಿದೆ. 1,68,000 ಮೈಲಿ ಓಡಿದೆ. ಬಿಸಿಯಾಗುವ ಚರ್ಮದ ಸೀಟು, ಸನ್‌ರೂಫ್, ಹಿಂದೆ ಡಿವಿಡಿ, ಎಲ್ಲಾ ಇದೆ. ನಮ್ಮ ಯಜಮಾನರು ಸುಬಾರು ಔಟ್‌ಬ್ಯಾಕ್ ಸಾಕು ಅನ್ನುತ್ತಾರೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ನೀವು ಕಳಿಸಿದ ಜಾಹೀರಾತಿನಲ್ಲಿ 24 ಫೋಟೋ ಇವೆ. ಸೀಟಿನದ್ದೇ ಆರು. ಡಿವಿಡಿ ಪರದೆಯದ್ದು ಎರಡು. ಗಾಡಿಯ ಅಡಿಭಾಗದ್ದು ಒಂದೂ ಇಲ್ಲ. ಮಾರುವವರು ಮೋಸಗಾರರು ಅಂತಲ್ಲ, ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ. ಆದರೆ ಮಿಶಿಗನ್ನಿನಲ್ಲಿ ಇಷ್ಟು ಹಳೆಯ ಗಾಡಿ ಕೊಳ್ಳುವಾಗ ನೀವು ದುಡ್ಡು ಕೊಡುವುದು ಆ ಅಡಿಭಾಗಕ್ಕೇ. ಸೀಟು ಹರಿದರೆ ಕವರ್ ಹಾಕಿಸಬಹುದು. ಎಂಜಿನ್ ಹೋದರೂ ಇನ್ನೊಂದು ಹಳೆಯದನ್ನು ತಂದು ಕೂರಿಸಬಹುದು. ಚಾಸಿ ತುಕ್ಕು ತಿಂದು ಟೊಳ್ಳಾಗಿದ್ದರೆ ಮಾತ್ರ ಅದು ಗುಜರಿಗೆ ಹೋಗುವ ಮಾಲು, ಸೀಟು ಎಷ್ಟೇ ಬೆಚ್ಚಗಿರಲಿ.

ಇದಕ್ಕೆಲ್ಲ ಕಾರಣ ಉಪ್ಪು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ ಅಂತ ಗೊತ್ತಾ? ನೂರು ವರ್ಷಕ್ಕೂ ಹಿಂದೆ ತೋಡಲು ಶುರು ಮಾಡಿದ್ದು, ಈಗಲೂ ಅಲ್ಲಿಂದ ತೆಗೆಯುತ್ತಾರೆ, ರಸ್ತೆಗೆ ಸುರಿಯುತ್ತಾರೆ. ಚಳಿಗಾಲ ಪೂರ್ತಿ ಆ ಉಪ್ಪುನೀರು ಗಾಡಿಯ ಸಂದುಗೊಂದಿಗೆಲ್ಲ ಹೊಕ್ಕು ಕೂರುತ್ತದೆ. ಜಿಎಕ್ಸ್ 470, ಟೊಯೊಟಾ ಫೋರ್‌ರನ್ನರ್ ಇಂಥವುಗಳಲ್ಲಿ ನಮ್ಮೂರ ಜೀಪಿನ ಹಾಗೆ ಏಣಿಯಂಥ ಚಾಸಿ ಇದ್ದು, ಅದರ ಮೇಲೆ ಬಾಡಿ ಕೂರಿಸಿರುತ್ತಾರೆ. ಆ ಚಾಸಿ ಒಳಗೆ ಪೊಳ್ಳು. ಮಣ್ಣು, ಉಪ್ಪು ಒಳಗೆ ಸೇರಿಕೊಂಡರೆ ಹೊರಗೆ ಬರುವುದಿಲ್ಲ, ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಟಕೋಮಾ, ಟಂಡ್ರಾ, ಸಿಕ್ವೊಯಾ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ಟೊಯೊಟಾ 2016ರಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಲೆಕ್ಸಸ್ ಮಾಡುವುದೂ ಟೊಯೊಟಾದವರೇ. ಆ ಪಟ್ಟಿಯಲ್ಲಿ ಜಿಎಕ್ಸ್ ಇರಲಿಲ್ಲ, ಆದರೆ ಹದಿನೆಂಟು ಇಪ್ಪತ್ತು ಚಳಿಗಾಲ ಇಲ್ಲೇ ಕಳೆದಿದ್ದರೆ ಅದರ ಚಾಸಿಯನ್ನೂ ಅನುಮಾನದಿಂದಲೇ ನೋಡಬೇಕು.

ಇನ್ನೊಂದು ಮಾತು. ಮಿಶಿಗನ್ನಿನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿಸಬೇಕು ಅನ್ನುವ ಕಾನೂನೇ ಇಲ್ಲ. ಹಾಗಾಗಿ ಬೇರೆ ಕಡೆಯಾಗಿದ್ದರೆ ಎಂದೋ ರಸ್ತೆಯಿಂದ ಇಳಿಯಬೇಕಾಗಿದ್ದ ಗಾಡಿಗಳು ಇಲ್ಲಿ ತೊಳೆದು, ಪಾಲಿಶ್ ಹಾಕಿಸಿಕೊಂಡು ಮಾರಾಟಕ್ಕೆ ಬರುತ್ತವೆ.

ನಾನೇ ಬಿದ್ದ ಗುಂಡಿ ಇದು, ಹೇಳಲು ನಾಚಿಕೆ. ಈ ದೇಶಕ್ಕೆ ಬಂದ ಮೊದಲ ಜನವರಿಯಲ್ಲಿ ಒಂದು ಹಳೆಯ ಫೋರ್‌ವೀಲ್ ಕೊಂಡೆ. ಕೆಲಸ ವಾಹನ ಎಂಜಿನಿಯರಿಂಗಿನದ್ದೇ, ಆದರೆ ಆ ಚಳಿಯಲ್ಲಿ ನೆಲದ ಮೇಲೆ ಮಲಗಿ ಕೆಳಗೆ ನೋಡಲು ಸೋಮಾರಿತನ. ಅಡಿಗೆಲ್ಲ ಹಿಮ, ಕೆಸರು ಮೆತ್ತಿಕೊಂಡಿತ್ತು, ಏನೂ ಕಾಣುತ್ತಲೂ ಇರಲಿಲ್ಲ. ಎಂಜಿನ್ ಮಾತ್ರ ಬೆಣ್ಣೆಯ ಹಾಗಿತ್ತು, ಅದನ್ನು ಕೇಳಿಯೇ ಚೆಕ್ ಬರೆದುಕೊಟ್ಟೆ. ಏಪ್ರಿಲ್‌ನಲ್ಲಿ ಒಂದು ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ನೆಲ ಮುಟ್ಟಿತು. ಪೆಟ್ರೋಲ್ ಟ್ಯಾಂಕಿನ ಮೇಲೆ ಹಾದು ಹೋಗುವ ಬ್ರೇಕ್ ಪೈಪು ತುಕ್ಕು ಹಿಡಿದು ಒಡೆದಿತ್ತು. ಬ್ರೇಕಿಗೆ ಎರಡು ಲೈನ್ ಇರುವುದರಿಂದ ಇನ್ನೊಂದು ಅರ್ಧ ಹಿಡಿಯಿತು, ಜೀವ ಉಳಿಯಿತು. ಲಿಫ್ಟಿನ ಮೇಲೆ ಎತ್ತಿ ನೋಡಿದ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತೆಗೆದು ಚಾಸಿಗೆ ಚುಚ್ಚಿದ. ಸಲೀಸಾಗಿ ಒಳಗೆ ಹೋಯಿತು. ಕೊಂಡು ಮೂರು ತಿಂಗಳೂ ಆಗಿರಲಿಲ್ಲ.

ಅದಕ್ಕೇ ಹೇಳುವುದು, ಒಂದು ಹಳೆಯ ಚಾಪೆ, ಒಳ್ಳೆಯ ಟಾರ್ಚ್, ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ. ಹಿಂದಿನ ಚಕ್ರದ ಒಳಗಡೆ, ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಸಸ್ಪೆನ್ಷನ್ ತೋಳುಗಳು ಬಂದು ಸೇರುವ ಜಾಗ, ಇವನ್ನು ಮೊದಲು ನೋಡಿ. ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ತೆಂಗಿನಕಾಯಿ ಬಡಿದು ನೋಡಿ ಆರಿಸಿದವರಿಗೆ ಈ ಸದ್ದು ಹೇಳಿಕೊಡಬೇಕಾಗಿಲ್ಲ. ಮೇಲ್ಮೈಯಲ್ಲಿ ಕಂದು ಪುಡಿ ಇದ್ದರೆ ಹೆದರಬೇಡಿ, ಅದು ಇಲ್ಲಿ ಎಲ್ಲ ಗಾಡಿಗೂ ಇರುತ್ತದೆ. ಹಪ್ಪಳದ ಹಾಗೆ ಪದರ ಪದರವಾಗಿ ಕಿತ್ತು ಬಂದರೆ ಎದ್ದು ಬನ್ನಿ. ಅಡಿಭಾಗ ಪೂರ್ತಿ ಹೊಸ ಕಪ್ಪು ಬಣ್ಣದಲ್ಲಿ ಮಿನುಗುತ್ತಿದ್ದರೆ ಇನ್ನೂ ಅನುಮಾನ ಪಡಿ. ಮಾರುವ ವಾರದಲ್ಲಿ ಬಳಿದ ದಪ್ಪ ಕಪ್ಪು ಬಣ್ಣ ತುಕ್ಕನ್ನು ನಿಲ್ಲಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೇ. ಅದೇ ಒಳ್ಳೆಯ ಮಾಲೀಕರು ವರ್ಷ ವರ್ಷ ಎಣ್ಣೆಯಂಥ ಜಿಡ್ಡು ಹೊಡೆಸಿರುತ್ತಾರೆ. ಅದು ನೋಡಲು ಗಲೀಜು, ಮುಟ್ಟಿದರೆ ಕೈಗೆ ಮೆತ್ತಿಕೊಳ್ಳುತ್ತದೆ, ಆದರೆ ಅಂಥ ಗಾಡಿ ಸಿಕ್ಕರೆ ಪುಣ್ಯ.

ಈಗ ಫೋರ್‌ವೀಲ್ ವಿಷಯ. ನಿಮ್ಮ ಯಜಮಾನರ ಮಾತಿನಲ್ಲೂ ಅರ್ಥ ಇದೆ.

ಸಕಲೇಶಪುರದ ಕಡೆ ಕಾಫಿ ತೋಟದ ಜೀಪು ನೋಡಿದ್ದೀರಾ? ಮಳೆಗಾಲದ ಕೆಸರಿನಲ್ಲಿ ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ ಹೋಗುತ್ತದೆ, ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತೆಗೆಯಬೇಕು. ಇದು ಪಾರ್ಟ್‌ಟೈಮ್ ಫೋರ್‌ವೀಲ್. ಇದರಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬೀಗ ಹಾಕಿದ ಹಾಗೆ ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು, ಅಲ್ವಾ? ಕೆಸರಿನಲ್ಲಿ, ಹಿಮದಲ್ಲಿ ಆ ವ್ಯತ್ಯಾಸ ಜಾರಿ ಸರಿಹೋಗುತ್ತದೆ. ಒಣಗಿದ ಟಾರಿನ ಮೇಲೆ ಜಾರಲು ಆಗುವುದಿಲ್ಲ, ಗಾಡಿ ಬಿಗಿದುಕೊಂಡು ತಿಣುಕುತ್ತದೆ, ಗೇರ್ ಭಾಗಗಳಿಗೆ ಪೆಟ್ಟು ಬೀಳುತ್ತದೆ. ನಿಮ್ಮ ದಾರಿ ಹೇಗಿದೆ ನೋಡಿ. ಮೊದಲು ಹಿಮ ತುಂಬಿದ ಜಲ್ಲಿ ರಸ್ತೆ, ಆಮೇಲೆ ಉಪ್ಪು ಹಾಕಿ ಒಣಗಿದ ಹೆದ್ದಾರಿ, ಮಧ್ಯೆ ಸೇತುವೆ ಮೇಲೆ ಕಣ್ಣಿಗೆ ಕಾಣದ ಐಸ್. ಅರ್ಧ ಮೈಲಿಗೊಮ್ಮೆ ಯಾರು ಲಿವರ್ ಎಳೆಯುತ್ತಾ ಕೂರುತ್ತಾರೆ, ಅದೂ ಬೆಳಿಗ್ಗೆ ಐದೂವರೆಗೆ?

ಜಿಎಕ್ಸ್ 470ರಲ್ಲಿ ಈ ತಲೆನೋವಿಲ್ಲ. ಅದು ಫುಲ್‌ಟೈಮ್. ನಡುವೆ ಒಂದು ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ ಇದೆ, ಒಣ ರಸ್ತೆಯಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುತ್ತಲೇ ಇರುತ್ತದೆ, ನೀವು ಏನನ್ನೂ ಮುಟ್ಟಬೇಕಿಲ್ಲ. ಎಲ್ಲಾದರೂ ಹೂತುಕೊಂಡರೆ ಆ ನಡುವಿನ ಡಿಫರೆನ್ಷಿಯಲ್‌ಗೆ ಬೀಗ ಹಾಕಬಹುದು (ಡಿಫ್ ಲಾಕ್ ಅನ್ನುತ್ತಾರೆ), ನಿಧಾನವಾಗಿ ಆದರೆ ಜಾಸ್ತಿ ಬಲದಿಂದ ಎಳೆಯುವ ಲೋ ಗೇರೂ ಇದೆ. 2003ರಿಂದ 2009ರವರೆಗಿನ ಫೋರ್‌ರನ್ನರ್ ವಿ6 ಫೋರ್‌ವೀಲ್ ಇದ್ದರೆ ಅದೂ ಚೆನ್ನ. ಬೇಕಾದಾಗ ಎರಡು ಚಕ್ರ, ಬೇಕಾದಾಗ ಒಣ ರಸ್ತೆಯಲ್ಲೂ ನಾಲ್ಕು. ಔಟ್‌ಬ್ಯಾಕ್ ಕೂಡ ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯೇ, ಲೋ ಗೇರ್ ಇಲ್ಲ ಅಷ್ಟೇ. ನಿಮಗೆ ಅದು ಬೇಕಾಗುವ ದಿನ ವರ್ಷಕ್ಕೆ ಒಂದೋ ಎರಡೋ. ನಿಜ ಹೇಳಬೇಕೆಂದರೆ ಅಂಥ ದಿನ ಮನೆಯಿಂದ ಹೊರಡದಿರುವುದೇ ವಾಸಿ, ಆದರೆ ನರ್ಸ್‌ಗಳಿಗೆ ಆ ಭಾಗ್ಯ ಇಲ್ಲ ಅಂತ ನನಗೂ ಗೊತ್ತು.

ಒಂದು ತಪ್ಪು ತಿಳಿವಳಿಕೆ ಮಾತ್ರ ಬಿಟ್ಟುಬಿಡಿ. ಫೋರ್‌ವೀಲ್ ಗಾಡಿ ಹಿಮದಲ್ಲಿ ಚೆನ್ನಾಗಿ ಹೊರಡುತ್ತದೆ, ಏರು ಹತ್ತುತ್ತದೆ. ನಿಲ್ಲುವಾಗ ಅದಕ್ಕೂ ನಿಮ್ಮ ಸಣ್ಣ ಕಾರಿಗೂ ವ್ಯತ್ಯಾಸವಿಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಎರಡು ಟನ್ ಮೀರಿದ ಜಿಎಕ್ಸ್ ಐಸ್ ಮೇಲೆ ಜಾರಲು ಶುರು ಮಾಡಿದರೆ ಅದರ ಮೇಲೆ ಬರೆದಿರುವ ಫೋರ್‌ವೀಲ್ ಅನ್ನುವ ಅಕ್ಷರ ಏನೂ ಸಹಾಯ ಮಾಡುವುದಿಲ್ಲ. ಹಿಮದ ದಿನ ಹೆದ್ದಾರಿ ಪಕ್ಕದಲ್ಲಿ ಮಗುಚಿ ಬಿದ್ದಿರುವುದನ್ನು ಎಣಿಸಿ ನೋಡಿ, ದೊಡ್ಡ ಫೋರ್‌ವೀಲ್ ಗಾಡಿಗಳೇನೂ ಕಮ್ಮಿ ಇರುವುದಿಲ್ಲ. ಸುಲಭವಾಗಿ ಹೊರಟದ್ದರಿಂದ ರಸ್ತೆ ಚೆನ್ನಾಗಿದೆ ಅಂದುಕೊಂಡು ಜೋರಾಗಿ ಹೋಗಿರುತ್ತಾರೆ.

ನಿಲ್ಲಿಸುವುದು, ತಿರುವಿನಲ್ಲಿ ಹಿಡಿಯುವುದು ಟೈರು. ನಿಮ್ಮ ಸಣ್ಣ ಕಾರು ಎರಡು ಸಲ ಚರಂಡಿಗೆ ಇಳಿದಾಗ ಯಾವ ಟೈರ್ ಇತ್ತು ಅಂತ ನೀವು ಬರೆದಿಲ್ಲ. ವರ್ಷಪೂರ್ತಿ ಓಡಿಸುವ ಆಲ್‌ಸೀಸನ್ ಇತ್ತು ಅಂತ ನನ್ನ ಊಹೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುತ್ತದೆ. ಮೈನಸ್ 9, 10ಕ್ಕಿಂತ ಕೆಳಗೆ ಇಳಿದರೆ ಉಪ್ಪೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ನಿಮಗೂ ರಸ್ತೆಗೂ ನಡುವೆ ಇರುವುದು ಆ ರಬ್ಬರ್ ಒಂದೇ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು. ಬರೀ ಎಂ ಪ್ಲಸ್ ಎಸ್ (ಕೆಸರು, ಹಿಮ ಅಂತ ಅದರ ಅರ್ಥ) ಅಂತ ಇದ್ದರೆ ಸಾಲದು, ಅದನ್ನು ಹಿಮದಲ್ಲಿ ಪರೀಕ್ಷೆ ಮಾಡಿಯೇ ಹಾಕಬೇಕು ಅಂತಿಲ್ಲ. ಹಳೆಯ ಗಾಡಿಯ ಜೊತೆ ಚಳಿಗಾಲದ ಟೈರೂ ಕೊಡುತ್ತೇವೆ ಅಂದರೆ ಪಕ್ಕದ ನಾಲ್ಕಂಕಿ ಓದಿ. 3516 ಅಂತ ಇದ್ದರೆ 2016ರ 35ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಅಷ್ಟು ಹಳೆಯ ಚಳಿಗಾಲದ ಟೈರಿಗೆ ನಾನು ಬೆಲೆ ಕಟ್ಟುವುದಿಲ್ಲ, ಎಷ್ಟೇ ಹಲ್ಲು ಉಳಿದಿರಲಿ. ಔಟ್‌ಬ್ಯಾಕ್ ಆದರೆ ಇನ್ನೊಂದು ಎಚ್ಚರ. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು. ಎರಡು ಹೊಸದು ಎರಡು ಹಳೆಯದು ಹಾಕಿ ಓಡಿಸಿದ್ದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ನಡುವಿನ ಕ್ಲಚ್ಚುಗಳು ಹಾಳಾಗಿರಬಹುದು. ಗೊತ್ತಾಗುವುದು ಹೇಗೆ? ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಗಾಡಿ ತಡವರಿಸಿ, ಕುಪ್ಪಳಿಸಿದ ಹಾಗೆ ಆದರೆ ಬಿಟ್ಟುಬಿಡಿ.

ಆದ್ದರಿಂದ 9,000ದಲ್ಲಿ 8,500 ಗಾಡಿಗೇ ಕೊಡಬೇಡಿ. ನಾಲ್ಕು ಒಳ್ಳೆಯ ಚಳಿಗಾಲದ ಟೈರಿಗೆ 700ರಿಂದ 900 ಎತ್ತಿಡಿ. ಹಳೆಯ ಗಾಡಿ ಮನೆಗೆ ಬಂದ ಮೊದಲ ತಿಂಗಳು ಕೇಳುವ ಖರ್ಚಿಗೆ ಒಂದು ಸಾವಿರ. ಮಿಶಿಗನ್ ರಾಜ್ಯಕ್ಕೆ 6 ಪರ್ಸೆಂಟ್ ತೆರಿಗೆಯೂ ಇದೆ, ಮರೆಯಬೇಡಿ. ಅಂದರೆ ನಿಮ್ಮ ಕೈಯಲ್ಲಿ ಗಾಡಿಗೆ ಅಂತ ಇರುವುದು ಆರೂವರೆಯಿಂದ ಏಳು ಸಾವಿರದ ಒಳಗೆ.

ಈಗ ಈ ಜಿಎಕ್ಸ್ ವಿಷಯ. ಅದರ 4.7 ಲೀಟರ್ ವಿ8 ಎಂಜಿನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸಲು ಅದರಲ್ಲಿರುವುದು ಟೈಮಿಂಗ್ ಬೆಲ್ಟ್ ಅನ್ನುವ ರಬ್ಬರ್ ಪಟ್ಟಿ, ಚೈನಲ್ಲ. 90,000 ಮೈಲಿಗೊಮ್ಮೆ ಬದಲಿಸಬೇಕು. ಈ ಗಾಡಿ 1,68,000 ಓಡಿದೆ. ಅಂದರೆ ಎರಡನೆಯ ಬೆಲ್ಟಿನ ಸಮಯ ಹತ್ತಿರ ಬಂದಿದೆ, ಮೊದಲನೆಯದನ್ನು ಹಾಕಿಸಿದ್ದಾರಾ ಅನ್ನುವುದೇ ಮೊದಲ ಪ್ರಶ್ನೆ. ರಸೀದಿ ಕೇಳಿ. ‘ಹಾಕಿಸಿದ ನೆನಪು’ ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ ಹಾಕಿ ಸಾವಿರ ಡಾಲರ್ ಮೇಲೆ ಚೌಕಾಸಿ ಮಾಡಿ. ಹಿಂದಿನ ಸಸ್ಪೆನ್ಷನ್ ಗಾಳಿಯ ಚೀಲದ್ದು, ಹಳೆಯದಾದರೆ ಸೋರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಿಂದೆ ಕುಸಿದು ಕೂತಿದೆಯಾ ನೋಡಿ. ಕುಸಿದರೂ ಮಹಾ ಅನಾಹುತವಲ್ಲ, ಮಾಮೂಲಿ ಸ್ಪ್ರಿಂಗ್ ಹಾಕಿಸಿಕೊಂಡು ನೆಮ್ಮದಿಯಾಗಿರುವವರು ಬಹಳ ಜನ. 2005ರ ನಂತರದ ಈ ವಿ8ನಲ್ಲಿ ತಣ್ಣಗಿನ ಎಂಜಿನ್ ಶುರುವಾದಾಗ ಹೊಗೆ ಶುದ್ಧ ಮಾಡಲು ಗಾಳಿ ಊದುವ ಒಂದು ಪಂಪ್ ಇದೆ, ಅದು ಕೆಟ್ಟರೆ ರಿಪೇರಿ ದುಬಾರಿ. ಅದಕ್ಕೇ ಎಂಜಿನ್ ತಣ್ಣಗಿರುವಾಗಲೇ ನಿಮ್ಮ ಕೈಯಿಂದ ಸ್ಟಾರ್ಟ್ ಮಾಡಬೇಕು. ನೀವು ಹೋಗುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ, ‘ಚಳಿ ಅಂತ ಬಿಸಿ ಮಾಡಿಟ್ಟಿದ್ದೆ’ ಅಂದರೆ, ನಕ್ಕು ಇನ್ನೊಂದು ದಿನ ಬರುತ್ತೇನೆ ಅನ್ನಿ.

ಡಿಫ್ ಲಾಕ್, ಲೋ ಗೇರ್ ಎರಡನ್ನೂ ಹಾಕಿ ನೋಡಲೇಬೇಕು, ಜಲ್ಲಿ ಅಥವಾ ಒದ್ದೆ ಹುಲ್ಲಿನ ಮೇಲೆ. ಈ ದೊಡ್ಡ ಗಾಡಿಗಳನ್ನು ತುಂಬಾ ಜನ ಮಕ್ಕಳನ್ನು ಸ್ಕೂಲಿಗೆ ಬಿಡಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರುವುದಿಲ್ಲ. ಡಿಫ್ ಲಾಕ್ ಹಾಕುವ ಮೋಟರ್ ವರ್ಷಗಟ್ಟಲೆ ಮುಟ್ಟದೆ ಅಲ್ಲೇ ಹಿಡಿದುಕೊಂಡಿರುತ್ತದೆ. ಹಾಕಿದಾಗ ಡ್ಯಾಶ್‌ಬೋರ್ಡಿನ ದೀಪ ಹತ್ತಿ ಸ್ಥಿರವಾಗಿ ನಿಲ್ಲಬೇಕು. ಮಿನುಗುತ್ತಲೇ ಇದ್ದರೆ ಒಳಗೆ ಸೇರಿಲ್ಲ ಅಂತ.

ಪೆಟ್ರೋಲಿನ ಲೆಕ್ಕವನ್ನೂ ಹಾಕಿಬಿಡಿ. ಜಿಎಕ್ಸ್ ಗ್ಯಾಲನ್‌ಗೆ 15 ಮೈಲಿ ಆಸುಪಾಸು. ದಿನಕ್ಕೆ ಹೋಗಿ ಬರಲು 44 ಮೈಲಿ ಅಂದರೆ ಮೂರು ಗ್ಯಾಲನ್. ಔಟ್‌ಬ್ಯಾಕ್ ಎರಡರಲ್ಲಿ ಮುಗಿಸುತ್ತದೆ. ಆದರೆ ಔಟ್‌ಬ್ಯಾಕ್‌ಗೂ ಅದರದ್ದೇ ರೋಗ ಇದೆ. ಹಳೆಯ 2.5 ಲೀಟರ್ ಎಂಜಿನ್‌ಗಳ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು) ಸೋರುವುದು ಜಗತ್ತಿಗೇ ಗೊತ್ತು, ಅದಕ್ಕೂ ಟೈಮಿಂಗ್ ಬೆಲ್ಟೇ, 1,05,000 ಮೈಲಿಗೊಮ್ಮೆ. 2013ರ ಔಟ್‌ಬ್ಯಾಕ್‌ನಿಂದ ಹೊಸ ಎಂಜಿನ್, ಚೈನ್ ಬಂತು. ಗ್ಯಾಸ್ಕೆಟ್ ಕಾಟ ಕಮ್ಮಿಯಾಯಿತು, ಆದರೆ ಮೊದಮೊದಲ ಗಾಡಿಗಳಲ್ಲಿ ಕೆಲವು ಎಂಜಿನ್ ಆಯಿಲ್ ಕುಡಿಯುತ್ತವೆ ಅನ್ನುವ ದೂರು ಬಂತು. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಎಷ್ಟು ದಿನಕ್ಕೆ ತುಂಬುತ್ತೀರಿ ಅಂತ ಕೇಳಿ. ಇನ್ನು 2005ರಿಂದ 2010ರ ನಿಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ ಅಗ್ಗಕ್ಕೆ ಸಿಕ್ಕಿತು ಅಂತ ಓಡಬೇಡಿ. ರೇಡಿಯೇಟರ್ ಒಳಗೆ ಒಡೆದು ಕೂಲೆಂಟು ಗೇರ್‌ಬಾಕ್ಸಿನ ಆಯಿಲಿಗೆ ಸೇರಿ ಗುಲಾಬಿ ಮಿಲ್ಕ್‌ಶೇಕ್ ಆಗುವ ಗಾಡಿಗಳು ಅವು. ರೇಡಿಯೇಟರ್ ಬದಲಿಸಿದ ರಸೀದಿ ಇದ್ದರೆ ಮಾತ್ರ ಮಾತಾಡಿ.

ಸೌಲಭ್ಯ ಎಲ್ಲಾ ಇದೆ ಅಂತ ಬರೆದಿದ್ದೀರಿ. ನಾನು ಹುಡುಕುವ ಸೌಲಭ್ಯಗಳೇ ಬೇರೆ. ಡಿವಿಡಿ ಪರದೆಗೆ ನಾನು ಹತ್ತು ಡಾಲರೂ ಜಾಸ್ತಿ ಕೊಡುವುದಿಲ್ಲ, ಸನ್‌ರೂಫ್ ಇದ್ದರೆ ಬೆಲೆ ಇಳಿಸಿ ಅನ್ನುತ್ತೇನೆ, ಅದರ ನೀರು ಇಳಿಯುವ ಕೊಳವೆ ಕಟ್ಟಿಕೊಂಡು ಒಳಗಿನ ಕಾರ್ಪೆಟ್ ಒದ್ದೆಯಾಗಿರುವುದನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ಬಿಸಿ ಸೀಟು ಮಾತ್ರ ಇರಲಿ, ಅದು ಐಷಾರಾಮ ಅಲ್ಲ ಅಂತ ಮೈನಸ್ 15ರಲ್ಲಿ ಗೊತ್ತಾಗುತ್ತದೆ. ಹೀಟರ್ ಎರಡೂ ಕಡೆ ಬಿಸಿ ಗಾಳಿ ಕೊಡುತ್ತದಾ ನೋಡಿ. ಹಿಂದಿನ ಗಾಜಿನ ತಂತಿಗಳು, ಕನ್ನಡಿಯ ಹೀಟರ್, ಹಿಂದಿನ ವೈಪರ್, ಇವು ಕೆಲಸ ಮಾಡಬೇಕು. ಗಾಡಿ ಜಾರುವಾಗ ತಾನೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ 2012ರ ಮಾಡೆಲ್‌ನಿಂದ ಈ ದೇಶದಲ್ಲಿ ಕಡ್ಡಾಯ. ಅದಕ್ಕಿಂತ ಹಳೆಯದಾದರೆ ಇದೆಯಾ ಅಂತ ಕೇಳಿಯೇ ಕೊಳ್ಳಿ. ಜಿಎಕ್ಸ್‌ನಲ್ಲಿ ಇದೆ. ಹಳೆಯ ಔಟ್‌ಬ್ಯಾಕ್ ಎಲ್ಲದರಲ್ಲೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಹೆಡ್‌ಲೈಟ್. ಜನವರಿಯಲ್ಲಿ ನಿಮ್ಮೂರಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿ. ಅಂದರೆ ನೀವು ಹೋಗುವ ದಾರಿ ಪೂರ್ತಿ ಕತ್ತಲೆ. ಇಷ್ಟು ವಯಸ್ಸಾದ ಗಾಡಿಯ ಲೈಟಿನ ಪ್ಲಾಸ್ಟಿಕ್ ಹಳದಿಯಾಗಿ ಮಬ್ಬಾಗಿರುತ್ತದೆ, ಹಗಲು ನೋಡಲು ಹೋದವರಿಗೆ ಅದು ಹೊಳೆಯುವುದೇ ಇಲ್ಲ. ಉಜ್ಜಿಸಬೇಕು, ಇಲ್ಲವಾದರೆ ಬದಲಿಸಬೇಕು. ಹಳೆಯ ಹ್ಯಾಲೊಜನ್ ಬಲ್ಬಿಗೆ ಒಂದು ಗುಣ ಇದೆ, ಅದರ ಬಿಸಿಗೆ ಲೈಟಿನ ಮೇಲಿನ ಹಿಮ ಕರಗುತ್ತದೆ. ಹೊಸ ಎಲ್‌ಇಡಿಗಳ ಮೇಲೆ ಹಿಮ ಹಾಗೇ ಕೂತಿರುತ್ತದೆ. ಚಂದಕ್ಕೆ ಅಂತ ಬಲ್ಬ್ ಬದಲಿಸಲು ಹೋಗಬೇಡಿ.

ಎಲ್ಲಿ ಹುಡುಕುವುದು? ಗ್ರ್ಯಾಂಡ್ ರ‍್ಯಾಪಿಡ್ಸ್ ಸುತ್ತ ಹುಡುಕಿದರೆ ಸಿಗುವುದು ಉಪ್ಪು ತಿಂದ ಗಾಡಿಗಳೇ. ಟೆನೆಸ್ಸಿ, ಜಾರ್ಜಿಯಾ, ಕೆರೊಲಿನಾ, ಟೆಕ್ಸಸ್ ಕಡೆ ಇರುವ ಪರಿಚಯದವರಿಗೆ ಒಂದು ಮಾತು ಹಾಕಿ. ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪುಗಳು ಇಂಥದ್ದಕ್ಕೇ ಇರುವುದು, ಸುಮ್ನೆ ಶುಭೋದಯ ಕಳಿಸುವುದಕ್ಕಲ್ಲ. ಅಲ್ಲಿನ ಗಾಡಿಯ ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರಿದಿರಬಹುದು, ಬಣ್ಣ ಮಾಸಿರಬಹುದು, ಅಡಿಭಾಗ ಮಾತ್ರ ಹೊಸದರ ಹಾಗೆ ಇರುತ್ತದೆ. ಸಾವಿರ ಡಾಲರ್ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಆದರೆ ಕರಾವಳಿ ಕಡೆಯಿಂದ ಬಂದದ್ದಾದರೆ ಪ್ರವಾಹದಲ್ಲಿ ಮುಳುಗಿತ್ತಾ ಅಂತ 17 ಅಕ್ಷರದ ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆ ಹಾಕಿ ಚರಿತ್ರೆ ತೆಗೆಸಿ. 2017ರ ಹಾರ್ವಿ ಚಂಡಮಾರುತ ಹ್ಯೂಸ್ಟನ್ನಿನಲ್ಲಿ ಲಕ್ಷಗಟ್ಟಲೆ ಗಾಡಿ ಮುಳುಗಿಸಿತು, ಅವೆಲ್ಲ ಗುಜರಿಗೇ ಹೋದವು ಅಂತ ನಂಬಬೇಡಿ. ಅದೇ ಸಂಖ್ಯೆ ಹಾಕಿದರೆ ದೋಷವಿರುವ ಏರ್‌ಬ್ಯಾಗ್ ಕಂಪನಿಯವರು ಬದಲಿಸಿಕೊಡುವುದು ಬಾಕಿ ಇದೆಯಾ ಅಂತಲೂ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಗೊತ್ತಾಗುತ್ತದೆ. ಮೊದಲ ಹಿಮ ಬಿದ್ದ ವಾರ ಊರಿಗೆ ಊರೇ ಫೋರ್‌ವೀಲ್ ಹುಡುಕುತ್ತದೆ. ಅದಕ್ಕೂ ಮೊದಲೇ ಕೊಳ್ಳಿ.

ಹಾಗಾದರೆ ಯಾವುದು? ದಕ್ಷಿಣದ ಕಡೆಯಿಂದ ಬಂದ, ಬೆಲ್ಟಿನ ರಸೀದಿ ಇರುವ ಜಿಎಕ್ಸ್ ಏಳು ಸಾವಿರಕ್ಕೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಅಲ್ಲದಿದ್ದರೂ ಅರ್ಧ ಮುಚ್ಚಿಕೊಂಡು ತೆಗೆದುಕೊಳ್ಳಿ. ಅದು ಸಿಗದಿದ್ದರೆ, ಸಿಗುವುದು ಕಷ್ಟವೇ, ಆರು ಸಿಲಿಂಡರಿನ ಫೋರ್‌ರನ್ನರ್ ಅಥವಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಟೊಯೊಟಾ ಹೈಲ್ಯಾಂಡರ್ ಹುಡುಕಿ. ಇದ್ಯಾವುದೂ ಆಗದಿದ್ದರೆ ಯಜಮಾನರ ಮಾತೇ ಸರಿ, ಚೆನ್ನಾಗಿ ನೋಡಿಕೊಂಡ ಔಟ್‌ಬ್ಯಾಕ್, ನಾಲ್ಕು ಹೊಸ ಚಳಿಗಾಲದ ಟೈರ್ ಜೊತೆಗೆ. ಕೊಳೆತ ಚಾಸಿಯ ಜಿಎಕ್ಸ್‌ಗಿಂತ ಅದು ಎಷ್ಟೋ ಮೇಲು.

ಈಗಿನ ಈ ಗಾಡಿಯವರಿಗೆ ಇವತ್ತೇ ಎರಡು ಸಾಲು ಬರೆಯಿರಿ. ಹಿಂದಿನ ಆಕ್ಸಲ್ ಮೇಲಿನ ಚಾಸಿಯ ಫೋಟೋ, ಎರಡೂ ಕಡೆಯದ್ದು, ಟಾರ್ಚ್ ಬೆಳಕಿನಲ್ಲಿ. ಬೆಲ್ಟ್ ಬದಲಿಸಿದ ರಸೀದಿ. ಕಳಿಸಿದರೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ. ಚೆನ್ನಾಗಿ ಕಂಡರೆ ನಿಮ್ಮ ಆಯ್ಕೆಯ ಮೆಕ್ಯಾನಿಕ್ ಹತ್ತಿರ ಲಿಫ್ಟಿಗೆ ಹತ್ತಿಸಿ, 100ರಿಂದ 200 ಡಾಲರ್ ತೆಗೆದುಕೊಳ್ಳುತ್ತಾರೆ. ಮೆಕ್ಯಾನಿಕ್ ಹತ್ತಿರ ತರುವುದಿಲ್ಲ ಅಂದರೆ ಆ ಫೋನ್ ನಂಬರ್ ಅಳಿಸಿಬಿಡಿ.